ಮೇಜರ್ ಮನೆಗೆ ಹೋದ ಡಬ್ಬಿ

ಆ ವರ್ಷ ನಮ್ಮ ಮನೆಯಲ್ಲಿ ಮೂರು ಜನ ಮೂರು ಕಡೆ ಕೂತು ಉಣ್ಣುತ್ತಿದ್ದೆವು. ಅವ್ವ ಗ್ಯಾರೇಜಿನಲ್ಲಿ, ಅಪ್ಪ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ, ನಾನು ಅಡುಗೆಮನೆಯ ಮೇಜಿನ ಹತ್ತಿರ. ಅಮೆರಿಕದ ರಾಂಚೊ ಬರ್ನಾರ್ಡೊದಲ್ಲಿದ್ದ ಆ ಬಾಡಿಗೆ ಮನೆ ದೊಡ್ಡದೇನೂ ಅಲ್ಲ. ಮುಂಬಾಗಿಲಿನಿಂದ ಹಿತ್ತಲ ಬಾಗಿಲಿಗೆ ನನ್ನ ಅಳತೆಯಲ್ಲಿ ಇಪ್ಪತ್ತಾರು ಹೆಜ್ಜೆ. ಆದರೂ ನಾವು ಮೂವರೂ ಒಬ್ಬರಿಗೊಬ್ಬರು ಕಾಣದ ಹಾಗೆ ಇರುವುದಕ್ಕೆ ಅಷ್ಟು ಜಾಗ ಸಾಕಾಯಿತು. ಅವ್ವ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. 2020ರ ಮಾರ್ಚ್ ಕೊನೆಯ ವಾರ, ಸೋಂಕು ನಮಗೆ ತಾಗಬಾರದೆಂದು, ಒಂದು ಮಡಚುವ ಮಂಚ, ಎರಡು ಚಾದರ, ಒಂದು ಚರಿಗಿ ತೆಗೆದುಕೊಂಡು ಅವಳು ಗ್ಯಾರೇಜಿಗೆ ಹೋದಳು. ವಾಷಿಂಗ್ ಮಷೀನಿಗೂ ಪುಸ್ತಕದ ಪೆಟ್ಟಿಗೆಗಳಿಗೂ ನಡುವೆ ಮಂಚ ಹಾಕಿಕೊಂಡಳು. “ಎರಡು ವಾರ ಅಷ್ಟ” ಅಂದಿದ್ದಳು. ಅವಳು ಅಲ್ಲಿ ಕಳೆದದ್ದು ಮುನ್ನೂರ ಹತ್ತು ದಿನ. ಈ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ.

ನೋಟ್‌ಬುಕ್ಕು ಇಡುವುದು ಅವ್ವನೇ ಹಾಕಿದ ಕಟ್ಟಳೆ. ಹುಬ್ಬಳ್ಳಿಯಿಂದ ಬರುವಾಗ ನನಗೆ ಒಂಬತ್ತು ವರ್ಷ. ಕನ್ನಡ ಮರೆಯಬಾರದೆಂದು ದಿನಕ್ಕೊಂದು ಪುಟ ಬರೆಯಬೇಕೆಂದು ಅವಳು ಹೇಳಿದ್ದಳು. ಹನ್ನೆರಡನೆಯ ವಯಸ್ಸಿಗೆ, ಶಾಲೆಯೂ ಪರದೆಯೊಳಗೆ ಹೋದ ಮೇಲೆ, ಬರೆಯಲು ಏನೂ ಉಳಿಯಲಿಲ್ಲ. ಹಾಗಾಗಿ ಎಣಿಸತೊಡಗಿದೆ. ದಿನಾಂಕ, ವಾರ, ಏನು ಅಡುಗೆ, ಯಾರ ಜೊತೆ ಎಷ್ಟು ಮಾತು. ಮೊದಲ ಹದಿನೆಂಟು ದಿನಗಳ ಪುಟಗಳಲ್ಲಿ “ಒಬ್ಬಳೇ ಉಂಡದ್ದು” ಎಂಬ ಸಾಲಿನ ಎದುರು ನಲವತ್ತೊಂದು ಗೀಟುಗಳಿವೆ. ಐದೈದು ಗೀಟಿಗೆ ಒಂದು ಅಡ್ಡಗೀಟು ಹಾಕಿ ಕಟ್ಟು ಕಟ್ಟಿದ್ದೇನೆ. ಆಗ ಅದು ದುಃಖವೆಂದು ನನಗೆ ತಿಳಿದಿರಲಿಲ್ಲ, ಅಚ್ಚುಕಟ್ಟೆಂದು ತಿಳಿದಿದ್ದೆ.

ಅಡುಗೆ ನನ್ನ ಪಾಲಿಗೆ ಬಂತು. ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಒಂದು ಬಾಗಿಲು. ಅದರ ಆಚೆ ಅವ್ವ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು, ಈಚೆ ನಾನು ಒಲೆಯ ಮುಂದೆ ನಿಲ್ಲುತ್ತಿದ್ದೆ. ಚಪಾತಿ ಅಪ್ಪನದು, ಎರಡು ಮೀಟಿಂಗುಗಳ ನಡುವೆ ಬಂದು ಲಟ್ಟಿಸಿ ಹೋಗುತ್ತಿದ್ದ. ಉಳಿದದ್ದೆಲ್ಲ ಬಾಗಿಲಿನ ಮೂಲಕ ಕಲಿತದ್ದು.

“ಸಾಸಿವಿ ಸಿಡಿದ್ವೇನು?”

“ಸಿಡೀಲಿಕ್ಕತ್ತಾವ.”

“ಹಂಗಾರ ಉರಿ ಸಣ್ಣ ಮಾಡು. ನೀರು ಕುದ್ದ ಮ್ಯಾಲೆ ಜುಣಕಾದ ಕಡ್ಲಿಹಿಟ್ಟು ಕೈಲೆ ಉದುರಿಸು, ಒಮ್ಮೆಲೇ ಸುರೀಬ್ಯಾಡ. ಗಂಟಾದ್ರ ನಿಮ್ಮಪ್ಪ ಉಣ್ಣಂಗಿಲ್ಲ.”

“ಮೀಟಿಂಗಿನಾಗ ಕುಂತಾಗ ಅಪ್ಪಗ ಏನ್ ಕೊಟ್ರೂ ಗೊತ್ತಾಗಂಗಿಲ್ಲ.”

ಆಚೆ ಕಡೆ ಅವ್ವ ನಗುವುದು ಕೇಳಿಸುತ್ತಿತ್ತು. ನಂತರ ಅವಳ ತಾಟನ್ನು ಮೆಟ್ಟಿಲ ಮೇಲೆ ಇಟ್ಟು, ಬಾಗಿಲು ಹಾಕಿ, ಎರಡು ಸಲ ಬಡಿಯುತ್ತಿದ್ದೆ. ನಾನು ದೂರ ಹೋದ ಮೇಲೆ ಅವಳು ಬಾಗಿಲು ತೆರೆಯುತ್ತಿದ್ದಳು.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ನನ್ನ ಎದೆಮಟ್ಟದ ಒಂದು ಗೋಡೆ. ಆಚೆ ಒಂದು ನಿಂಬೆಗಿಡ, ಅದರ ಅರ್ಧ ಕೊಂಬೆಗಳು ನಮ್ಮ ಕಡೆ. ಆ ಮನೆಯಲ್ಲಿ ಮುದುಕರೊಬ್ಬರು ಒಂಟಿಯಾಗಿ ಇದ್ದರು. ಅವರನ್ನು ಎಲ್ಲರೂ ಮೇಜರ್ ಎನ್ನುತ್ತಿದ್ದರು. ನಮಗೂ ಅವರಿಗೂ ಮೂರು ವರ್ಷದಲ್ಲಿ ಕೈಯೆತ್ತುವಷ್ಟೇ ಪರಿಚಯ. ಏಪ್ರಿಲಿನಲ್ಲಿ ಹಣ್ಣು ನಮ್ಮ ಕಡೆ ಉದುರತೊಡಗಿದವು. ಅವು ನಮ್ಮವಲ್ಲವಲ್ಲ ಎಂದು ನಾನು ಆರಿಸಿ, ಎಣಿಸಿ, ಅವ್ವನ ದೊಡ್ಡ ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಗೋಡೆಯ ಮೇಲೆ ಇಟ್ಟೆ. ಮೂವತ್ತೆಂಟು ಹಣ್ಣು ಎಂದು ಚೀಟಿ ಬರೆದಿಟ್ಟೆ. ಮರುದಿನ ಡಬ್ಬಿ ಅದೇ ಜಾಗದಲ್ಲಿತ್ತು, ಕನ್ನಡಿಯಂತೆ ತೊಳೆದು ಒರೆಸಿತ್ತು. ಒಳಗೆ ಏನೂ ಇರಲಿಲ್ಲ. ಬಾಗಿಲಾಚೆ ಕೂತಿದ್ದ ಅವ್ವನಿಗೆ ಹೇಳಿದೆ.

“ದೊಡ್ಡ ಮನಿತನದವರಂತ, ನೋಡು” ಎಂದಳು ಅವ್ವ. “ಖಾಲಿ ಡಬ್ಬಿ ಕಳಸ್ಯಾರ. ನಮ್ಮನ್ಯಾಗ ಹಿಂಗ ಮಾಡಿದ್ರ ನಿಮ್ಮಜ್ಜಿ ನಾಲ್ಕು ದಿನ ಅಂದಾಡತಿದ್ಲು. ಒಂದು ಚಿಟಿಕಿ ಸಕ್ಕರಿನರ ಹಾಕಬೇಕಿತ್ತು.”

ಅದು ಬರೀ ಹಾಸ್ಯದ ಮಾತು. ನನಗೆ ಮಾತ್ರ ಅದು ನಿಯಮದಂತೆ ಕೇಳಿಸಿತು. ಮಧ್ಯಾಹ್ನ ಮೇಜರ್ ಗಿಡಕ್ಕೆ ನೀರು ಬಿಡಲು ಬಂದಾಗ ಗೋಡೆಯ ಹತ್ತಿರ ಹೋಗಿ, ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ನಮ್ಮ ಮನೆಯಲ್ಲಿ ಡಬ್ಬಿಯನ್ನು ಖಾಲಿ ವಾಪಸ್ ಕಳಿಸುವುದಿಲ್ಲ ಎಂದು ತಿಳಿಸಿದೆ. ಅವರ ಮುಖ ಕೆಂಪಾಯಿತು. ನೀರಿನ ಪೈಪನ್ನು ಕೆಳಗಿಟ್ಟು ನೆಟ್ಟಗೆ ನಿಂತರು. (ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಅಂದು ಬರೆದುಕೊಂಡಂತೆ ಕನ್ನಡದಲ್ಲಿ ಕೊಡುತ್ತೇನೆ.)

“ಕ್ಷಮಿಸಬೇಕು. ನನಗೆ ಗೊತ್ತಿರಲಿಲ್ಲ. ಡಬ್ಬಿ ಇಲ್ಲಿ ಕೊಡು.”

ಹತ್ತು ನಿಮಿಷದ ಮೇಲೆ ಅವರೇ ಮಾಡಿದ ಒಂದು ಸೀಸೆ ನಿಂಬೆ ಮಾರ್ಮಲೇಡ್ ಜಾಮು ಡಬ್ಬಿಯೊಳಗೆ ಕೂತು ಬಂತು. ನಾನು ಹೆಮ್ಮೆಯಿಂದ ಅವ್ವನಿಗೆ ಹೇಳಿದೆ.

“ಅಯ್ಯ ನಮ್ಮವ್ವ, ಅದನ್ನ ಹೋಗಿ ಅವರಿಗೇ ಹೇಳಿದ್ಯಾ? ನಾ ಎಲ್ಲಿ ಮುಖ ಇಟ್ಕೊಳ್ಳಿ? ಈಗ ಅವರ ಕಡಿಂದ ಡಬ್ಬಿ ತುಂಬಿ ಬಂತು, ನಾವು ಸುಮ್ನ ಕೂಡ್ಲಿಕ್ಕೆ ಆಗ್ತದೇನು? ಇವತ್ತಿನ ಜುಣಕಾ ಹಾಕಿ ಕೊಡು. ಮ್ಯಾಲೆ ಚಪಾತಿ ಇಡು, ಎರಡು.”

ಹೀಗೆ ಶುರುವಾದದ್ದನ್ನು ನಿಲ್ಲಿಸಲು ಎರಡೂ ಮನೆಯವರಿಗೆ ಗೊತ್ತಾಗಲಿಲ್ಲ. ನಾವು ಕಳಿಸಿದ್ದಕ್ಕೆ ಅವರು ಏನಾದರೂ ಹಾಕಬೇಕು, ಅವರು ಹಾಕಿದ್ದಕ್ಕೆ ನಾವು ಕಳಿಸಬೇಕು. ನೋಟ್‌ಬುಕ್ಕಿನಲ್ಲಿ ಎರಡು ಹೊಸ ಸಾಲು ಎಳೆದೆ: ಹೋದದ್ದು, ಬಂದದ್ದು. ಜುಣಕಾ ಹೋಯಿತು, ನಿಂಬೆ ಬಂತು. ಹೆಸರುಕಾಳಿನ ಪಲ್ಯ ಹೋಯಿತು, ಬೆಣ್ಣೆ ಬಿಸ್ಕೀಟು ಬಂತು. ಶೇಂಗಾ ಚಟ್ನಿಪುಡಿ ಹೋದ ದಿನ ಒಂದು ಚೀಟಿ ಬಂತು: “ಶತ್ರು ಬಲಶಾಲಿ. ನಾವು ಹಿಮ್ಮೆಟ್ಟಿದೆವು. ನಾಳೆ ಮತ್ತೆ ಪ್ರಯತ್ನ.” ಅದನ್ನು ಓದಿ ಹೇಳಿದಾಗ ಅವ್ವ ಗ್ಯಾರೇಜಿನಲ್ಲಿ ನಕ್ಕು ಕೆಮ್ಮಿದಳು. ಆ ಕೆಮ್ಮು ಕೇಳಿ ಅಪ್ಪ ಮೀಟಿಂಗು ಬಿಟ್ಟು ಓಡಿಬಂದ.

ಮೇ ತಿಂಗಳಿಂದ ನಾವು ಒಟ್ಟಿಗೆ ಉಣ್ಣತೊಡಗಿದೆವು. ನನ್ನ ಶಾಲೆಯ ಬಿಡುವು ಹನ್ನೆರಡೂವರೆಗೆ. ಗೋಡೆಯ ಈಚೆ ನಾನು ಮಡಚುವ ಕುರ್ಚಿ ಹಾಕುತ್ತಿದ್ದೆ. ಆಚೆ ಅವರು ಮೇಜು ತಂದು, ಬಿಳಿ ಬಟ್ಟೆ ಹಾಸಿ, ಚಮಚ, ಮುಳ್ಳುಚಮಚ, ಲೋಟ ಎಲ್ಲ ಜೋಡಿಸುತ್ತಿದ್ದರು. ಸೆಕೆ ಎಷ್ಟೇ ಇರಲಿ, ಕೋಟು ಹಾಕದೆ ಅವರು ಆ ಮೇಜಿಗೆ ಕೂತದ್ದನ್ನು ನಾನು ನೋಡಿಲ್ಲ. ಮೊದಲ ದಿನ ನಾನು ಅವರಿಗಾಗಿ ಕಾದೆ. ಅವರು ನನಗಾಗಿ ಕಾದರು. ಚಪಾತಿ ತಣ್ಣಗಾಯಿತು.

“ನೀವು ಉಣ್ಣಿ” ಎಂದೆ.

“ಮೊದಲು ನೀನು. ಅಧಿಕಾರಿ ಕೊನೆಗೆ ಉಣ್ಣುತ್ತಾನೆ.”

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಿದ ಹೊಸತರಲ್ಲಿ, ತಮ್ಮ ತಂದೆಯ ಮನೆಯಲ್ಲಿ ರೂಢಿಯಾದಂತೆ, ಅವರು ಎಲ್ಲರಿಗಿಂತ ಮುಂಚೆ ತಟ್ಟೆ ಹಿಡಿದರಂತೆ. ವಯಸ್ಸಾದ ಸಾರ್ಜೆಂಟ್ ಒಬ್ಬ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ, “ನಿಮ್ಮ ಜನ ಉಂಡರೇ, ಸರ್?” ಎಂದನಂತೆ. ತಟ್ಟೆಯನ್ನು ಕೆಳಗಿಟ್ಟ ಆ ದಿನದಿಂದ ಅವರು ಯಾರಿಗಿಂತಲೂ ಮೊದಲು ಉಂಡಿಲ್ಲ. ಈಗ ಜನ ಎಂದು ಉಳಿದಿದ್ದವಳು ನಾನೊಬ್ಬಳೇ. ನನ್ನ ಮೊದಲ ತುತ್ತು ಬಾಯಿಗೆ ಹೋದದ್ದನ್ನು ಕಣ್ಣಾರೆ ನೋಡಿ ಅವರು ತಮ್ಮ ಚಮಚ ಎತ್ತುತ್ತಿದ್ದರು. ಇದನ್ನು ಹೇಳಿದಾಗ ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. “ನಾವೂ ಹಂಗ ಅಲ್ಲೇನು? ಬಡಿಸಿದಾಕಿ ಕಡೀಕ ಉಣ್ತಾಳ” ಎಂದಳು.

ನಾನು ಬರೆಯುವುದನ್ನು ನೋಡಿ ಅವರು ನನ್ನನ್ನು ಅಡ್ಜುಟಂಟ್ ಎಂದು ಕರೆದರು. ಪಡೆಯ ದಾಖಲೆ ಇಡುವ ಅಧಿಕಾರಿಗೆ ಅವರಲ್ಲಿ ಆ ಹೆಸರು. ರೇಣು ಎನ್ನುವ ನನ್ನ ಹೆಸರಿಗಿಂತ ನನಗೆ ಅದೇ ಇಷ್ಟವಾಯಿತು. ಅವರು ಹೇಳಿದ ಕಥೆಗಳಿಗೆ ನಂಬರು ಕೊಟ್ಟೆ. ಸಾರ್ಜೆಂಟನ ಕಥೆ ಒಂದು. ಚಳಿಗಾಲದ ನದಿ ದಾಟಿದ್ದು ಎರಡು. ಹುಟ್ಟಿದ ಮನೆಯ ಕಥೆ ನಾಲ್ಕು. ಅವರದು ಇಂಗ್ಲೆಂಡಿನ ಹಳೆಯ ಜಹಗೀರುದಾರ ಮನೆತನ. ಮೂರನೆಯ ಮಗನಾದ್ದರಿಂದ ಅವರಿಗೆ ಮನೆ ಸಿಗಲಿಲ್ಲ, ಸೈನ್ಯ ಸಿಕ್ಕಿತು. ಆ ಮನೆಯಲ್ಲಿ ನಲವತ್ತು ಕೋಣೆಗಳು. ಮಕ್ಕಳು ಮೇಲಿನ ಅಂತಸ್ತಿನಲ್ಲಿ ಆಯಾ ಜೊತೆ ಉಣ್ಣಬೇಕು, ಮಲಗಬೇಕು. ಸಂಜೆ ಐದಕ್ಕೆ ತಲೆ ಬಾಚಿಸಿಕೊಂಡು ಕೆಳಗಿಳಿದು ಬಂದರೆ ತಂದೆ ತಾಯಿಯರನ್ನು ಒಂದು ಗಂಟೆ ನೋಡಬಹುದು.

“ನೀನು ನಿನ್ನವರನ್ನು ಎಷ್ಟು ಹೊತ್ತು ನೋಡುತ್ತೀಯ?” ಎಂದು ಕೇಳಿದರು.

ನೋಟ್‌ಬುಕ್ಕು ನೋಡಿ ಹೇಳಿದೆ. “ಅವ್ವನನ್ನು ಗ್ಯಾರೇಜಿನ ಕಿಟಕಿಯಲ್ಲಿ, ಸರಾಸರಿ ಇಪ್ಪತ್ತು ನಿಮಿಷ. ಅಪ್ಪನನ್ನು ಇಡೀ ದಿನ, ಆದರೆ ಬೆನ್ನು.”

ಅವರು ನಗಲಿಲ್ಲ. ಚಮಚದಿಂದ ಬಟ್ಟೆಯ ಮಡಿಕೆಯನ್ನು ನೇರ ಮಾಡಿದರು. “ಹಾಗಾದರೆ ನೀನೂ ದೊಡ್ಡ ಮನೆತನದವಳೇ” ಎಂದರು.

ಏಳನೆಯ ಕಥೆ ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಸೈನ್ಯ ಬಿಟ್ಟ ಮೇಲೆ ಅವರು ಚುನಾವಣೆಗೆ ನಿಂತು ಪಾರ್ಲಿಮೆಂಟಿಗೆ ಹೋದರು. ಒಂದು ದಿನ ಸಭೆಯಲ್ಲಿ ಎದ್ದು, ಸೈನಿಕರು ಇರುವ ಮನೆಗಳನ್ನೆಲ್ಲ ರಿಪೇರಿ ಮಾಡಿಸಿ ಆಗಿದೆ ಎಂದು ಹೇಳಿದರು, ಕೈಗೆ ಕೊಟ್ಟ ಕಾಗದದಲ್ಲಿ ಹಾಗೇ ಇತ್ತು. ಮರುದಿನ ಒಬ್ಬ ಸೈನಿಕನ ತಾಯಿಯ ಪತ್ರ ಬಂತು. ಮಗನ ಕೋಣೆಯ ಗೋಡೆಯಲ್ಲಿ ನೀರು ಇಳಿಯುತ್ತಿದೆ, ಬಂದು ನೋಡಿ ಎಂದಿದ್ದಳು. ಅವರು ಹೋಗಿ ನೋಡಿದರು. ಪಕ್ಷದವರು, ಯಾರೂ ಕೇಳಿಲ್ಲ, ಸುಮ್ಮನಿರಿ ಎಂದರು. ಅವರು ಸುಮ್ಮನಿರಲಿಲ್ಲ. ಎಲ್ಲಿ ನಿಂತು ತಪ್ಪು ಹೇಳಿದ್ದರೋ ಅದೇ ಜಾಗದಲ್ಲಿ ನಿಂತು, ನಾನು ಹೇಳಿದ್ದು ನಿಜವಲ್ಲ ಎಂದರು. ಮುಂದೆ ಅವರಿಗೆ ಯಾವ ಹುದ್ದೆಯೂ ಬರಲಿಲ್ಲ. ಅದರ ಮುಂದಿನ ಚುನಾವಣೆಯಲ್ಲಿ ಸೋತರು. ಅಮೆರಿಕದ ಹೆಂಡತಿಯ ಜೊತೆ ಅವಳ ಊರಾದ ಇಲ್ಲಿಗೆ ಬಂದರು. ಅವಳು ತೀರಿಕೊಂಡ ಮೇಲೂ ಇಲ್ಲೇ ಉಳಿದರು.

“ನಾನು ಮಾಡಿದ ಒಳ್ಳೆಯ ಭಾಷಣ ಅದೊಂದೇ, ಅಡ್ಜುಟಂಟ್. ಇಪ್ಪತ್ತು ಸೆಕೆಂಡು.”

ಕಥೆಗಳು ಮರಳಿ ಬಂದರೆ ನಾನು ಅವುಗಳ ಎದುರು ಗೀಟು ಹಾಕುತ್ತಿದ್ದೆ. ಅದು ಅವರಿಗೂ ಗೊತ್ತು, ಅದೊಂದು ಆಟವಾಗಿತ್ತು. ಶುರು ಮಾಡಿ ನಡುವೆ ನಿಲ್ಲಿಸಿ, “ನಂಬರು?” ಎನ್ನುತ್ತಿದ್ದರು. “ಏಳು. ಮೂರನೆಯ ಸಲ, ಸರ್.” “ಹಾಗಾದರೆ ಉಳಿದದ್ದು ನೀನೇ ಹೇಳು.” ನಾನು ಹೇಳುತ್ತಿದ್ದೆ. ಕೆಲವು ದಿನ ಬರೀ “ಎರಡು” ಎನ್ನುತ್ತಿದ್ದರು. ನದಿಯೂ ಚಳಿಯೂ ಇಲ್ಲದೆ ಇಬ್ಬರೂ ನಗುತ್ತಿದ್ದೆವು. ಆ ವರ್ಷ ನನಗೆ ಇದ್ದ ಸ್ನೇಹಿತರು ಅವರೊಬ್ಬರೇ. ಶಾಲೆಯ ಪರದೆಯಲ್ಲಿ ಇಪ್ಪತ್ತೊಂಬತ್ತು ಚೌಕಗಳಿದ್ದವು, ಹೆಚ್ಚಿನವು ಕಪ್ಪು.

2021ರ ಜನವರಿ ಕೊನೆಗೆ, ಲಸಿಕೆ ಆದ ಮೇಲೆ, ಅವ್ವ ಮಂಚ ಮಡಚಿ ಒಳಗೆ ಬಂದಳು. ಬಾಗಿಲಲ್ಲಿ ನಿಂತು ಕೈ ಚಾಚಿದಳು. ನಾನು ಓಡಿಹೋಗಬೇಕಿತ್ತು, ಆದರೆ ಎರಡು ಹೆಜ್ಜೆ ದೂರ ನಿಂತೇ ಇದ್ದೆ. ಕಾಲಿಗೆ ಅಷ್ಟು ದೂರ ರೂಢಿಯಾಗಿತ್ತು. “ಬಾರವಾ, ಈಗ ಏನೂ ಆಗಂಗಿಲ್ಲ” ಎಂದು ಅವಳೇ ಬಂದು ಹಿಡಿದುಕೊಂಡಳು. ಅಂದು ಮೂವರೂ ಒಂದೇ ಮೇಜಿಗೆ ಕೂತೆವು. ಅಪ್ಪ ಸುಮ್ಮನೆ ಏನೇನೋ ಮಾತಾಡಿದ, ಅವ್ವ ಹೊರಗಿನವಳಂತೆ ಉಪ್ಪು ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಮರುದಿನದಿಂದ ಮಧ್ಯಾಹ್ನ ಮತ್ತೆ ನಾನು ಗೋಡೆಯ ಹತ್ತಿರ.

ಆ ಹೊತ್ತಿಗೆ “ಬಂದದ್ದು” ಸಾಲು ಬದಲಾಗಿತ್ತು. ನಾನು ಅದನ್ನು ಬರೆಯುತ್ತಿದ್ದೆ, ಓದಿಕೊಳ್ಳುತ್ತಿರಲಿಲ್ಲ. ನಿಂಬೆ, ಬಿಸ್ಕೀಟು ಹೋಗಿ ಸಮವಸ್ತ್ರದ ಹಿತ್ತಾಳೆ ಗುಂಡಿ ಬಂತು. ಟೈ ಸಿಕ್ಕಿಸುವ ಪಿನ್ನು ಬಂತು. ಫೆಬ್ರವರಿಯಲ್ಲಿ ಒಂದು ಬೆಳ್ಳಿ ಚಮಚ ಬಂತು, ಹಿಡಿಕೆಯ ಮೇಲೆ ಅವರ ಮನೆತನದ ಮುದ್ರೆ ಇತ್ತು. ಎರಡು ದಿನ ಬಿಟ್ಟು ಇನ್ನೊಂದು. ಅವ್ವ ಅವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು.

“ಬೆಳ್ಳಿ ಚಮಚಾ ಯಾರರ ಹಿಂಗ ಕೊಡ್ತಾರೇನು? ವಾಪಸ್ ಕೊಡು ಅಂದ್ರ ಯಾಕ ಕೊಡವಲ್ಲಿ?”

“ಕೊಟ್ಟೆ. ತಗೋಳಿಲ್ಲ. ಖಾಲಿ ಕಳಸಬಾರದು ಅಂದ್ರು.”

“ರೇಣು, ಖರೇ ಹೇಳು. ಅವರ ತಲಿ ನೆಟ್ಟಗದನೋ ಇಲ್ಲೋ?”

“ಅದ” ಎಂದೆ.

ನನ್ನ ನೋಟ್‌ಬುಕ್ಕು ಬೇರೆ ಹೇಳುತ್ತಿತ್ತು. ಫೆಬ್ರವರಿಯಲ್ಲಿ ಏಳನೆಯ ಕಥೆ ಹನ್ನೊಂದು ಸಲ. ಮಾರ್ಚಿನಲ್ಲಿ ಒಂದೇ ಊಟದಲ್ಲಿ ಎರಡು ಸಲ ಬಂತು, “ನಂಬರು?” ಎಂದು ಅವರು ಕೇಳಲಿಲ್ಲ. ನಾನಾಗಿ “ಏಳು” ಎಂದಾಗ, ಏನು ಏಳು ಎಂಬಂತೆ ನನ್ನನ್ನು ನೋಡಿದರು. ಒಲೆಯ ಮೇಲೆ ಖಾಲಿ ಕೆಟಲ್ ಸುಟ್ಟದ್ದು ಮೂರು ದಿನ, ವಾಸನೆ ಗೋಡೆ ದಾಟಿ ಬಂದಿತ್ತು. ತಮ್ಮ ಹೆಂಡತಿ ಒಳಗೆ ಮಲಗಿದ್ದಾಳೆ, ಮೆಲ್ಲಗೆ ಮಾತಾಡು ಎಂದದ್ದು ಒಂದು ದಿನ. ಎಲ್ಲವನ್ನೂ ದಿನಾಂಕ ಹಾಕಿ ಬರೆದಿದ್ದೆ. ಯಾರಿಗೂ ಹೇಳಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ಹೆಲೆನ್ ಆಂಟಿ. ಲಾಸ್ ಏಂಜಲೀಸ್ ಬಂದರಿನ ಹತ್ತಿರ ಸ್ಯಾನ್ ಪೀಡ್ರೊದಲ್ಲಿ ಹಡಗಿನ ಸರಕಿನ ಕಚೇರಿಯಲ್ಲಿ ಕೆಲಸ. ಭಾನುವಾರ ಕಾರು ಓಡಿಸಿಕೊಂಡು ಬಂದು, ಫ್ರಿಜ್ಜು ತುಂಬಿಸಿ ಹೋಗುತ್ತಿದ್ದಳು. ಭಾನುವಾರ ಮೇಜರ್ ಸೊಗಸಾಗಿರುತ್ತಿದ್ದರು. ವಾರದ ಶಕ್ತಿಯನ್ನೆಲ್ಲ ಅವರು ಆ ನಾಲ್ಕು ಗಂಟೆಗಾಗಿ ಉಳಿಸಿಕೊಳ್ಳುತ್ತಿದ್ದರೋ ಏನೋ.

ಏಪ್ರಿಲಿನ ಒಂದು ಭಾನುವಾರ ಅವಳು ಗೋಡೆಯ ಹತ್ತಿರ ಬಂದಳು.

“ನೀನು ಎಲ್ಲ ಬರೆದಿಡುತ್ತೀಯಂತೆ, ಅಪ್ಪ ಹೇಳಿದರು. ನನಗೊಂದು ಸಹಾಯ ಮಾಡು. ಅವರು ಒಬ್ಬರೇ ಇರಬಲ್ಲರಾ? ಏನಾದರೂ ಮರೆಯುತ್ತಾರಾ? ಹಾಗಿದ್ದರೆ ನಾನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ.”

ಕೊನೆಯ ವಾಕ್ಯ ಅವಳು ಹೇಳದಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ. ನೋಟ್‌ಬುಕ್ಕು ನನ್ನ ಕೈಯಲ್ಲೇ ಇತ್ತು. ಒಂದು ಪುಟ ತೆರೆದು, ನೋಡಿದಂತೆ ಮಾಡಿ, “ಏನೂ ಮರೆಯುವುದಿಲ್ಲ. ಚೆನ್ನಾಗಿದ್ದಾರೆ” ಎಂದೆ. ಅವಳಿಗೆ ಕನ್ನಡ ಬರುವುದಿಲ್ಲ. ಅವಳು ನನ್ನ ಅಂಕಿಗಳನ್ನೂ ಗೀಟುಗಳನ್ನೂ ನೋಡಿ, ಇಷ್ಟು ಅಚ್ಚುಕಟ್ಟಾದ ಹುಡುಗಿ ಸುಳ್ಳು ಹೇಳಲಾರಳೆಂದು ನಂಬಿ, ಥ್ಯಾಂಕ್ಸ್ ಹೇಳಿ ಹೋದಳು. ಅಂದಿನ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: ಮೇಜರ್ ಆರೋಗ್ಯ ಚೆನ್ನಾಗಿದೆ.

ಅದರ ಮುಂದಿನ ಮಂಗಳವಾರ ನಮ್ಮ ಶಾಲೆ ಮತ್ತೆ ತೆರೆಯಿತು. ವಾರಕ್ಕೆ ಎರಡು ದಿನ ಹೋಗಬೇಕು, ಊಟ ಅಲ್ಲೇ. ಸೋಮವಾರ ಮೇಜರ್‌ಗೆ ಮೂರು ಸಲ ಹೇಳಿದ್ದೆ, ಚೀಟಿಯಲ್ಲೂ ಬರೆದುಕೊಟ್ಟಿದ್ದೆ. ಬೆಳಿಗ್ಗೆ ಡಬ್ಬಿಯಲ್ಲಿ ಮೊಸರನ್ನ ಹಾಕಿ ಗೋಡೆಯ ಮೇಲಿಟ್ಟು ಹೋದೆ. ಅಂದು ವಿಪರೀತ ಬಿಸಿಲು. ಮೂರೂ ನಲವತ್ತಕ್ಕೆ ಮನೆಗೆ ಬಂದು ಚೀಲ ಇಡದೆಯೇ ಹಿತ್ತಲಿಗೆ ಹೋದೆ. ಮೇಜು ಹಾಕಿತ್ತು. ಬಿಳಿ ಬಟ್ಟೆ, ಲೋಟ, ಚಮಚ. ಕೋಟು ಹಾಕಿಕೊಂಡು ಮೇಜರ್ ಬಿಸಿಲಲ್ಲಿ ನೆಟ್ಟಗೆ ಕೂತಿದ್ದರು. ಮುಂದೆ ನಮ್ಮ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಲೋಟದ ನೀರೂ ಹಾಗೇ ಇತ್ತು. ತುಟಿ ಒಡೆದಿತ್ತು.

“ತಡ ಮಾಡಿದೆ, ಅಡ್ಜುಟಂಟ್” ಎಂದರು. “ಉಣ್ಣು.”

ನನ್ನನ್ನು ಬರಮಾಡಿಕೊಳ್ಳಲು ಎದ್ದರು. ಹಾಗೇ ಮೇಜಿನ ಬಟ್ಟೆಯ ಸಮೇತ ಕೆಳಗೆ ಬಿದ್ದರು.

ನಾನು ಕೂಗಿದ್ದು ಅಪ್ಪನ ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳಿಸಿತಂತೆ. ಅಪ್ಪ ಹೆಡ್‌ಫೋನ್ ಕಿವಿಯಲ್ಲಿದ್ದಂತೆಯೇ ಓಡಿಬಂದು ಗೋಡೆ ಹಾರಿದ. “ನೀರು ತಾ! ಛತ್ರಿ ಹಿಡಿ, ನೆರಳು ಮಾಡು!” ಎಂದು ಕೂಗುತ್ತ ಅವರ ಕೋಟಿನ ಗುಂಡಿ ಬಿಚ್ಚಿದ. ಆಂಬುಲೆನ್ಸಿನವರು ಬಂದು ಒಯ್ದರು. ಎರಡು ದಿನದಲ್ಲಿ ಮೇಜರ್ ಮನೆಗೆ ಬಂದರು, ದೊಡ್ಡದೇನೂ ಆಗಿರಲಿಲ್ಲ. ವಯಸ್ಸಾದವರು, ಒಂದು ದಿನ ಊಟ ಮರೆತು ಕೂತರು ಎಂದು ಎಲ್ಲರೂ ಅಂದುಕೊಂಡರು. ಅವರು ಊಟ ಮರೆತಿರಲಿಲ್ಲ ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ನಾನು ಬರುವುದಿಲ್ಲ ಎಂಬುದನ್ನು ಮರೆತಿದ್ದರು. ನಾನು ಉಣ್ಣದೆ ಅವರು ಉಣ್ಣುವವರಲ್ಲ. ಹನ್ನೆರಡೂವರೆಯಿಂದ ಮೂರು ಗಂಟೆ ಹತ್ತು ನಿಮಿಷ ಕಾದಿದ್ದರು.

ಹೆಲೆನ್ ಆಂಟಿ ಬಂದು ಅವರ ಮನೆಯಲ್ಲೇ ಉಳಿದಿದ್ದಳು. ಶುಕ್ರವಾರ ಮಧ್ಯಾಹ್ನ ನಾನು ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಅವಳು ಕಪಾಟಿನಿಂದ ಬಟ್ಟೆಯ ಗಂಟು ತೆಗೆದು, ಚಮಚಗಳನ್ನು ಎಣಿಸಲು ನನಗೇ ಕೊಟ್ಟಳು. ಒಂಬತ್ತು.

“ಇವನ್ನ ನಾ ಕೊಟ್ಟು ಬರ್ತೀನಿ. ಉಳಿದದ್ದು ನೀನ ಹೇಳಬೇಕು. ನಾ ಹೇಳಿದ್ರ ಅದು ಚಾಡಿ ಆಗ್ತದ.”

“ಹೇಳಿದ್ರ ಕರ್ಕೊಂಡು ಹೋಗ್ತಾರ.”

“ಹೂಂ. ಹೋಗ್ತಾರ.”

ಭಾನುವಾರ, ಸುಳ್ಳು ಹೇಳಿದಾಗ ಗೋಡೆಯ ಪಕ್ಕ ಎಲ್ಲಿ ನಿಂತಿದ್ದೆನೋ ಅಲ್ಲೇ ಹೋಗಿ ನಿಂತೆ, ಒಂದು ಹೆಜ್ಜೆ ಆಚೆ ಈಚೆ ಇಲ್ಲದೆ. ಹೆಲೆನ್ ಆಂಟಿಯನ್ನು ಕರೆದೆ. ಅಂದು ನಾನು ಹೇಳಿದ್ದು ನಿಜವಲ್ಲ ಎಂದೆ. ನೋಟ್‌ಬುಕ್ಕು ಕೊಟ್ಟರೆ ಅವಳು ಓದಲಾರಳು. ಹಾಗಾಗಿ ನಾನೇ ಒಂದೊಂದು ಸಾಲನ್ನೂ ಇಂಗ್ಲಿಷ್ ಮಾಡಿ ಗಟ್ಟಿಯಾಗಿ ಓದಬೇಕಾಯಿತು. ದಿನಾಂಕ. ಏಳನೆಯ ಕಥೆ, ಎರಡು ಸಲ. ದಿನಾಂಕ. ಕೆಟಲ್. ದಿನಾಂಕ. ಹೆಂಡತಿ ಮಲಗಿದ್ದಾಳೆ ಎಂದರು. ಆ ಸಾಲಿಗೆ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ಗೊತ್ತಿತ್ತು. ನಾಲ್ಕು ಪುಟ ಮುಗಿದ ಮೇಲೆ ತಲೆ ಎತ್ತಿದೆ. ಹಿತ್ತಲ ಬಾಗಿಲ ಒಳಗೆ, ಜಾಲರಿಯ ಹಿಂದೆ, ಮೇಜರ್ ಕುರ್ಚಿಯಲ್ಲಿ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮುಂದಿನ ಶನಿವಾರ ಕಾರು ತುಂಬಿದರು. ಅವ್ವ ಚಮಚಗಳ ಗಂಟನ್ನು ಹೆಲೆನ್ ಆಂಟಿಯ ಕೈಗೆ ಕೊಟ್ಟಳು. ಮೇಜರ್ ಕೋಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಕಿಟಕಿಯ ಹತ್ತಿರ ಹೋದೆ.

“ಅಡ್ಜುಟಂಟ್, ನಿನ್ನ ಲೆಕ್ಕ ಸರಿ ಇದೆಯಾ?”

“ಇದೆ, ಸರ್.”

“ಹಾಗಾದರೆ ಮಾತಿಲ್ಲ.”

ಅಷ್ಟೇ. ನನ್ನ ಮುಖ ನೋಡಲಿಲ್ಲ. ಕಾರು ಹೋಯಿತು. ಕ್ಷಮಿಸಿದರೋ, ಸಿಟ್ಟಾದರೋ, ಹೇಳಿದ್ದು ಅವರಿಗೆ ಅರ್ಥವಾಗಿತ್ತೋ ಇಲ್ಲವೋ ಎಂದು ನಾನು ಆ ಬೇಸಿಗೆಯೆಲ್ಲ ಯೋಚಿಸಿದೆ. ನಿಂಬೆಹಣ್ಣು ನಮ್ಮ ಕಡೆ ಬಿದ್ದವು, ಎಣಿಸಲಿಲ್ಲ. “ಒಬ್ಬಳೇ ಉಂಡದ್ದು” ಸಾಲು ಮತ್ತೆ ತೆರೆಯಿತು.

ನವೆಂಬರಿನಲ್ಲಿ ಅವ್ವ, “ನಡಿ, ನೋಡಿ ಬರೂಣು” ಎಂದಳು. ಅದೇ ಡಬ್ಬಿಯಲ್ಲಿ ಜುಣಕಾ, ಮೇಲೆ ಎರಡು ಚಪಾತಿ. ಎರಡು ಗಂಟೆಯ ದಾರಿ, ಅವ್ವ ಡ್ರೈವ್ ಮಾಡುವಾಗ ಡಬ್ಬಿ ನನ್ನ ತೊಡೆಯ ಮೇಲಿತ್ತು. ಹೆಲೆನ್ ಆಂಟಿಯ ಮನೆಯ ಮೇಲಿನ ಕೋಣೆಯ ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಮೇಜರ್ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಊಟದ ಹೊತ್ತಿಗೆ ಕೋಟಿಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ಎದ್ದು ನಿಂತು ನನ್ನ ಕೈ ಕುಲುಕಿ, “ನಾವು ಹಿಂದೆ ಭೇಟಿಯಾಗಿದ್ದೇವೆಯೇ?” ಎಂದರು.

ಹೆಲೆನ್ ಆಂಟಿ ತಟ್ಟೆಗೆ ಬಡಿಸಿದಳು. ಅವರು ಚಮಚ ಮುಟ್ಟಲಿಲ್ಲ. ಈಚೆಗೆ ಉಣ್ಣಿಸುವುದೇ ಕಷ್ಟವಾಗಿದೆ, ತಟ್ಟೆ ಮುಂದಿಟ್ಟರೂ ಸುಮ್ಮನೆ ಕೂರುತ್ತಾರೆ ಎಂದಳು. ಅವರು ನನ್ನನ್ನು ನೋಡುತ್ತ ಕೂತೇ ಇದ್ದರು.

“ಉಣ್ಣವಾ” ಎಂದಳು ಅವ್ವ ಮೆಲ್ಲಗೆ. “ನೀ ಉಣ್ಣದ ಅವರು ಉಣ್ಣಂಗಿಲ್ಲ.”

ನಾನು ಒಂದು ತುತ್ತು ಬಾಯಿಗಿಟ್ಟೆ. ಅವರು ಅದನ್ನು ನೋಡಿದರು. ಆಮೇಲೆ ಚಮಚ ಎತ್ತಿ, ಎರಡು ಚಪಾತಿಯಲ್ಲಿ ಒಂದೂವರೆ ಮುಗಿಸಿದರು. ಹೆಲೆನ್ ಆಂಟಿ ಬಾಗಿಲಿಗೆ ಒರಗಿ ನಿಂತಿದ್ದಳು. ಇನ್ನು ಮೇಲೆ ಅವರ ಎದುರು ಕೂತು ಮೊದಲು ನೀವು ಉಣ್ಣಿ ಎಂದು ನಾನು ಅವಳಿಗೆ ಹೇಳಿದೆ.

ಊಟವಾದ ಮೇಲೆ ಏನು ಮಾತಾಡಬೇಕೋ ತಿಳಿಯದೆ, ಒಂದು ಕಥೆ ಹೇಳಲೇ ಎಂದೆ. ತಲೆಯಾಡಿಸಿದರು. ಏಳನೆಯದನ್ನು ಹೇಳಿದೆ, ಅವರ ಮಾತಿನಲ್ಲೇ. ಕಾಗದ, ಸೈನಿಕನ ತಾಯಿಯ ಪತ್ರ, ನೀರು ಇಳಿಯುವ ಗೋಡೆ, ಸುಮ್ಮನಿರಿ ಎಂದ ಜನ. ಅವರು ಹೊಸದಾಗಿ ಕೇಳುವವರಂತೆ ಮುಂದೆ ಬಾಗಿ ಕೇಳಿದರು.

“ಆಮೇಲೆ? ಎದ್ದು ಹೇಳಿದನೇ?”

“ಹೇಳಿದ. ಅದೇ ಜಾಗದಲ್ಲಿ ನಿಂತು.”

“ಅದರಿಂದ ಅವನು ಕಳೆದುಕೊಂಡದ್ದು ಬಹಳವೇ?”

“ಬಹಳ” ಎಂದೆ.

ಅವರು ನನ್ನ ಕೈಯ ಮೇಲೆ ಕೈ ಇಟ್ಟರು. “ಆದರೂ ಹೇಳಿದ. ಒಳ್ಳೆಯ ಮನುಷ್ಯ” ಎಂದರು. ಆಮೇಲೆ ಕ್ರೇನುಗಳನ್ನು ನೋಡತೊಡಗಿದರು.

ನಾವು ಹೊರಟಾಗ ಹೆಲೆನ್ ಆಂಟಿ ಡಬ್ಬಿಯನ್ನು ತೊಳೆದು, ಒರೆಸಿ ತಂದು ನನ್ನ ಕೈಗೆ ಕೊಟ್ಟಳು. ಹಗುರವಾಗಿತ್ತು. ಕಾರಿನಲ್ಲಿ ಕೂತು ನೋಟ್‌ಬುಕ್ಕು ತೆರೆದೆ. ಹೋದದ್ದು: ಜುಣಕಾ, ಚಪಾತಿ ಎರಡು. ಬಂದದ್ದು ಎಂದು ಬರೆದು ಪೆನ್ನು ಹಿಡಿದುಕೊಂಡು ಕೂತೆ. ಅವ್ವ ಒಮ್ಮೆ ಡಬ್ಬಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಗೇರು ಹಾಕಿದಳು. ಖಾಲಿ ಡಬ್ಬಿಯ ಬಗ್ಗೆ ಅವಳು ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ.